ರಾಣಿ ಬಲಂಪಾ ನಡೆದ ದಾರಿ

ಕನೌಜದ ರಾಜ ಜಸಧವಳನ ನಾಡಿನಲ್ಲಿ ಮಳೆ ಹೋಯಿತು, ಬೆಳೆ ಹೋಯಿತು. ಇದು ನಂದಾದೇವಿಯ ಮುನಿಸು ಎಂದರು ಬಲ್ಲವರು. ರಾಜ ಹೆಂಡತಿ ಬಲಂಪಾಳನ್ನು ಕರೆದುಕೊಂಡು, ಆಳುಕಾಳು, ಸೈನಿಕರು, ನರ್ತಕಿಯರ ಸಮೇತ ಹಿಮಾಲಯದ ಹೋಮಕುಂಡಕ್ಕೆ ಯಾತ್ರೆ ಹೊರಟ. ರಾಣಿ ಆಗ ತುಂಬು ಗರ್ಭಿಣಿ. ದಾರಿಯಲ್ಲೇ ಹೆರಿಗೆಯಾಯಿತು, ದೇವಿಯ ನೆಲ ಮೈಲಿಗೆಯಾಯಿತು. ಕಬ್ಬಿಣದ ಗುಂಡಿನಂಥ ಆಲಿಕಲ್ಲು ಸುರಿದು ರಾಜ, ರಾಣಿ, ಕೂಸು, ಪರಿವಾರ ಯಾರೂ ಉಳಿಯಲಿಲ್ಲ. ರೂಪಕುಂಡದಲ್ಲಿ ಇವತ್ತಿಗೂ ಕಾಣುವ ಮೂಳೆಗಳು ಅವರವೇ.

ಗಢ್ವಾಲದ ಜನ ಹೇಳುವ ಕಥೆ ಇದು. ಊರಿಂದ ಊರಿಗೆ ಒಂದೆರಡು ಎಳೆ ಬದಲಾಗುತ್ತದೆ, ರಾಣಿಯ ಹೆರಿಗೆ ಮಾತ್ರ ಸಾಮಾನ್ಯವಾಗಿ ಬಿಟ್ಟುಹೋಗುವುದಿಲ್ಲ. ನಾನು ಹಾಸನ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಗಂಡನ ಜೊತೆ ಆ ದಾರಿ ನಡೆದು ಬಂದ ಮೇಲೆ, ಅಲ್ಲಿ ಸತ್ತವರ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ, ಆ ಹೆಣ್ಣುಮಗಳ ತಲೆಗೆ ಕಟ್ಟಿರುವ ಅಪವಾದ ಅನ್ಯಾಯದ್ದು ಎನ್ನಿಸುತ್ತ ಬಂತು.

ರೂಪಕುಂಡ ಇರುವುದು ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿ, 7,120 ಮೀಟರ್ ಎತ್ತರದ ತ್ರಿಶೂಲ ಪರ್ವತದ ಮಗ್ಗುಲಲ್ಲಿ. ಕೆರೆಯೇ ಸುಮಾರು 5,000 ಮೀಟರ್ ಮೇಲಿದೆ. ಅಡ್ಡಗಲ 40 ಮೀಟರ್ ಇದ್ದರೆ ಹೆಚ್ಚು. ನಮ್ಮ ಕಡೆಯ ಎಷ್ಟೋ ದೇವಸ್ಥಾನಗಳ ಕಲ್ಯಾಣಿ ಅದಕ್ಕಿಂತ ದೊಡ್ಡದು. ವರ್ಷದ ಬಹುಪಾಲು ಹೆಪ್ಪುಗಟ್ಟಿರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹಿಮ ಕರಗಿ, ನೀರಿನಲ್ಲೂ ದಡದ ಕಲ್ಲುಗಳ ನಡುವೆಯೂ ಮನುಷ್ಯರ ಮೂಳೆಗಳು ಕಾಣುತ್ತವೆ. ಒಬ್ಬಿಬ್ಬರದಲ್ಲ, ನೂರಾರು ಜನರದು.

ನಾವು ಹೊರಟದ್ದು ಗೌರಿ ಗಣೇಶನ ಹಬ್ಬ ಮುಗಿಸಿಕೊಂಡು. ಇವರು ಅಂಚೆ ಇಲಾಖೆಯಲ್ಲಿದ್ದವರು, ಕಾಡು ಬೆಟ್ಟ ಸುತ್ತುವ ಆಸೆ ಮೊದಲಿಂದಲೂ ಇತ್ತು. ಕುಮಾರಪರ್ವತ, ಕೊಡಚಾದ್ರಿ, ಬಲ್ಲಾಳರಾಯನ ದುರ್ಗ ಇಬ್ಬರೂ ಒಟ್ಟಿಗೆ ಹತ್ತಿದ್ದೆವು. ಹಿಮಾಲಯ ಮಾತ್ರ ಇಬ್ಬರ ನೌಕರಿ ಮುಗಿಯಲಿ ಎಂದು ಕಾದಿತ್ತು. ರೈಲಿನಲ್ಲಿ ದೆಹಲಿ, ಅಲ್ಲಿಂದ ಕಾಠಗೋದಾಮ್. ಆಮೇಲೆ ಜೀಪು ಅಲ್ಮೋರಾ, ಕೌಸಾನಿ, ಗ್ವಾಲ್ದಾಮ್, ದೇವಾಲ್ ದಾಟಿ ಲೋಹಾಜಂಗ್ ಮುಟ್ಟಿಸಿತು. ಇಬ್ಬರ ಬೆನ್ನಚೀಲದಲ್ಲೂ ಉಣ್ಣೆ ಬಟ್ಟೆ, ಹುರಿಹಿಟ್ಟು, ಚಟ್ನಿಪುಡಿ. ನನ್ನದರಲ್ಲಿ ಹೆಚ್ಚಿಗೆ ಇದ್ದದ್ದು ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಪುಟ್ಟ ಯಂತ್ರ.

ಮೂಳೆಗಳ ಮಾತು ಆಮೇಲೆ. ಆ ದಾರಿ ಯಾರದು ಎಂಬುದನ್ನು ಮೊದಲು ಹೇಳಬೇಕು.

ದಾರಿಯ ಕೊನೆಯ ಹಳ್ಳಿ ವಾಣ್. ಕಲ್ಲು ಚಪ್ಪಡಿ ಹೊದಿಸಿದ ಮನೆಗಳು, ಅಂಗಳದಲ್ಲಿ ಒಣಗಲು ಹರವಿದ ರಾಜ್ಮಾ, ದೊಡ್ಡ ದೇವದಾರು ಮರದಡಿ ಲಾಟೂ ದೇವರ ಗುಡಿ. ಆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ, ವೈಶಾಖ ಹುಣ್ಣಿಮೆಗೆ ತೆರೆಯುತ್ತದೆ. ಪೂಜಾರಿ ಕಣ್ಣಿಗೂ ಬಾಯಿಗೂ ಬಟ್ಟೆ ಕಟ್ಟಿಕೊಂಡೇ ಒಳಗೆ ಹೋಗುತ್ತಾರೆ. ಲಾಟೂ ನಂದಾದೇವಿಯ ಅಣ್ಣ. ಅವಳ ಯಾತ್ರೆ ಇಲ್ಲಿಗೆ ಬಂದ ಮೇಲೆ ಮುಂದಿನ ದಾರಿಗೆ ಅವನೇ ಜೊತೆ. ತಂಗಿಯನ್ನು ಗಂಡನ ಮನೆಗೆ ಬಿಟ್ಟುಬರುವುದು ಅಣ್ಣನ ಕೆಲಸ ತಾನೇ?

ಗಢ್ವಾಲ, ಕುಮಾವುಂ ಎರಡು ಸೀಮೆಗೂ ನಂದಾ ಮನೆಮಗಳು. ಕೈಲಾಸದ ಶಿವನಿಗೆ ಕೊಟ್ಟ ಮಗಳು ತವರಿಗೆ ಬರುತ್ತಾಳೆ, ಇದ್ದು ಹೋಗುತ್ತಾಳೆ. ಅವಳನ್ನು ಮರಳಿ ಕಳಿಸುವ ಮೆರವಣಿಗೆಯೇ ಜಾತ್. ಪ್ರತಿವರ್ಷ ಭಾದ್ರಪದದಲ್ಲಿ ಅವಳ ಡೋಲಿ ವಾಣ್ ದಾಟಿ ಬೇದಿನಿ ಹುಲ್ಲುಗಾವಲಿನವರೆಗೆ ಹೋಗಿ ಬರುತ್ತದೆ. ದೊಡ್ಡದು ರಾಜಜಾತ್. ಅದು ನೌಟಿ ಗ್ರಾಮದಿಂದ ಹೊರಟು ಹೋಮಕುಂಡಕ್ಕೆ ಹೋಗಿ ಬರುವಷ್ಟರಲ್ಲಿ ಸುಮಾರು 280 ಕಿಲೋಮೀಟರ್ ಆಗುತ್ತದೆ, ಹೆಚ್ಚುಕಡಿಮೆ 3 ವಾರ ಹಿಡಿಯುತ್ತದೆ. ಮುಂದೆ ಮುಂದೆ ನಾಲ್ಕು ಕೊಂಬಿನ ಟಗರು. ಹೋಮಕುಂಡದಲ್ಲಿ ಅದರ ಬೆನ್ನ ಮೇಲೆ ಮಗಳಿಗೆ ಕೊಡುವ ಬಟ್ಟೆ, ಒಡವೆ, ತಿಂಡಿ ಹೇರಿ ಬಿಟ್ಟುಬಿಡುತ್ತಾರೆ. ಅಲ್ಲಿಂದ ಕೈಲಾಸಕ್ಕೆ ಅದು ಒಂಟಿಯಾಗಿ ಹೋಗಬೇಕು. ಹನ್ನೆರಡು ವರ್ಷಕ್ಕೊಮ್ಮೆ ಎಂಬುದು ಹೇಳುವ ಲೆಕ್ಕ. ನಡೆದದ್ದು 1968ರಲ್ಲಿ, 1987ರಲ್ಲಿ, 2000ದಲ್ಲಿ, 2014ರಲ್ಲಿ. 2013ರ ಸಿದ್ಧತೆಯನ್ನು ಆ ವರ್ಷದ ಕೇದಾರ ಕಣಿವೆಯ ಪ್ರವಾಹ ನುಂಗಿತು.

ನಾವು ಉಳಿದುಕೊಂಡಿದ್ದ ಮನೆಯ ಅಜ್ಜಿಗೆ ಗೌರಿಯ ಬಗ್ಗೆ ಹೇಳಿದೆ. ಭಾದ್ರಪದ ತದಿಗೆಗೆ ಬರುತ್ತಾಳೆ, ಮಾರನೆಯ ದಿನವೇ ಮಗ ಗಣೇಶ ಕರೆದೊಯ್ಯಲು ಬರುತ್ತಾನೆ, ತವರಿನಿಂದ ಮರದ ಬಾಗಿನ ಬರುತ್ತದೆ, ಕಳಿಸುವಾಗ ಮಡಿಲು ತುಂಬುತ್ತೇವೆ ಎಂದೆ. ನನ್ನ ಹಿಂದಿ ಅಷ್ಟಕ್ಕಷ್ಟೆ. ಅಜ್ಜಿಗೆ ಎಲ್ಲವೂ ಅರ್ಥವಾಯಿತು. ಇಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಧ್ಯಾಣಿ ಎನ್ನುತ್ತಾರೆ. ನಂದೆಯ ಹಬ್ಬಕ್ಕೆ ಊರಿನ ಧ್ಯಾಣಿಯರೆಲ್ಲ ತವರಿಗೆ ಬರುತ್ತಾರೆ, ಡೋಲಿ ಹೊರಡುವಾಗ ಹಾಡಿ ಅಳುತ್ತಾರೆ. "ನೀವು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಅವಳನ್ನು?" ಎಂದು ಕೇಳಿದರು ಅಜ್ಜಿ. ಎರಡೇ ದಿನ, ಹೆಚ್ಚೆಂದರೆ ಇನ್ನೊಂದೆರಡು ಎಂದೆ. "ಅಷ್ಟೇನಾ!" ಎಂದು ಬೇಸರ ಮಾಡಿಕೊಂಡರು.

ಮಗಳೆಂದು ಇಷ್ಟು ಹಚ್ಚಿಕೊಂಡ ಇದೇ ಯಾತ್ರೆಯಲ್ಲಿ ವಾಣ್ ದಾಟಿದ ಮೇಲೆ ಹೆಂಗಸರು, ಮಕ್ಕಳು, ಚರ್ಮದ ಸಾಮಾನು ಮುಂದೆ ಬರಕೂಡದು ಎಂಬ ಕಟ್ಟಳೆಯಿತ್ತು. ಈಚಿನ ಜಾತ್‌ಗಳಲ್ಲಿ ಅದು ಸಡಿಲಿದೆ, ಹೆಂಗಸರೂ ಹೋಗುತ್ತಾರೆ. ಕಟ್ಟಳೆಗೆ ಕೊಡುವ ಕಾರಣವೇ ಬಲಂಪಾಳ ಕಥೆ. ನಾನು ಅಜ್ಜಿಯನ್ನು ಒಂದು ಮಾತು ಕೇಳಿದೆ: "ರಾಣಿಯ ಜೊತೆ ಸೂಲಗಿತ್ತಿ ಇರಲಿಲ್ಲವೇ, ಅಮ್ಮಾ?" ಅವರು ಸ್ವಲ್ಪ ಹೊತ್ತು ಯೋಚಿಸಿದರು. ರಾಜನ ಹೆಸರು, ಊರು, ನರ್ತಕಿಯರು, ಸೈನಿಕರು ಎಲ್ಲ ಅವರಿಗೆ ನಾಲಿಗೆಯ ತುದಿಯಲ್ಲಿತ್ತು. "ಕಥೆಯಲ್ಲಿ ದಾಯಿ ಬರುವುದಿಲ್ಲ" ಎಂದರು.

ದಿನ ತುಂಬಿದ ಬಸುರಿಯನ್ನು ಹೊರಡಿಸುವಾಗ ನಾಟ್ಯದವರನ್ನು ನೆನೆದು ಸೂಲಗಿತ್ತಿಯನ್ನು ಮರೆತ ಗಂಡನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ.

ವಾಣಿನಿಂದ ನೀಲಗಂಗೆಯ ಸೇತುವೆಗೆ ಇಳಿದು, ಓಕ್ ಕಾಡಿನಲ್ಲಿ ಏರುತ್ತಾ ಹೋದರೆ ಮರಗಳು ಇದ್ದಕ್ಕಿದ್ದಂತೆ ಮುಗಿದುಬಿಡುತ್ತವೆ. ಆಮೇಲೆಲ್ಲ ಬುಗ್ಯಾಲ್, ಅಂದರೆ ಮರದ ಗಡಿ ಮೀರಿದ ಎತ್ತರದ ಹುಲ್ಲುಗಾವಲು. ಅಲಿ, ಬೇದಿನಿ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ. ಬೇದಿನಿಯಲ್ಲಿ ಒಂದು ಪುಟ್ಟ ಕೊಳ, ಅದರ ದಡದಲ್ಲಿ ನಂದೆಯ ಗುಡಿ, ಎದುರಿಗೆ ತ್ರಿಶೂಲ ಮತ್ತು ನಂದಾಘುಂಟಿ. ಇಷ್ಟರ ತನಕ ದಾರಿ ಯಾರನ್ನೂ ಹೆದರಿಸುವುದಿಲ್ಲ. ಮುಂದೆ ಘೋಡಾ ಲೌಟನಿ, ಹಿಂದೆ ಕುದುರೆಗಳನ್ನು ವಾಪಸು ಕಳಿಸುತ್ತಿದ್ದ ಜಾಗ. ಅದಾದ ಮೇಲೆ ಪಾತರ್ ನಚೌನಿ.

ಇಲ್ಲಿ ರಾಜ ತನ್ನ ನರ್ತಕಿಯರನ್ನು ಕುಣಿಸಿದನಂತೆ. ದೇವಿಗೆ ಸಿಟ್ಟು ಬಂದು ಅವರು ಇದ್ದಲ್ಲೇ ನೆಲದೊಳಗೆ ಹೋದರಂತೆ. ನಮ್ಮ ಜೊತೆ ಬಂದಿದ್ದ ವಾಣಿನ ಹುಡುಗ ಹುಲ್ಲಿನ ನಡುವಿನ ತಗ್ಗುಗಳನ್ನು ತೋರಿಸಿ, "ಇವೇ ದೀದಿ" ಎಂದ. ಮೊಣಕಾಲುದ್ದ ಆಳ ಇರಬಹುದು, ಅಂಚೆಲ್ಲ ಹುಲ್ಲು ಮುಚ್ಚಿ ದುಂಡಗಾಗಿತ್ತು, ಒಳಗೆ ಹಿಂದಿನ ರಾತ್ರಿಯ ಮಳೆನೀರು ನಿಂತಿತ್ತು. ಕುಣಿ ಎಂದವನು ರಾಜ. ಶಿಕ್ಷೆ ಮೊದಲು ಮುಟ್ಟಿದ್ದು ಕುಣಿದವರಿಗೆ. ಹುಡುಗನಿಗೆ ಇದನ್ನು ಹೇಳಿದಾಗ ಅವನು ತಲೆಯಾಡಿಸಿದ. ಅವನಿಗೂ ಅಕ್ಕತಂಗಿಯರಿದ್ದರು.

ಪಾತರ್ ನಚೌನಿಯಿಂದ ಕಾಲೂ ವಿನಾಯಕಕ್ಕೆ ಒಂದೇ ಸಮನೆ ಏರು. ಕಪ್ಪು ಕಲ್ಲಿನ ಗಣಪ, ಸುತ್ತ ಕಲ್ಲು ಪೇರಿಸಿದ ಪುಟ್ಟ ಗೂಡು, ಯಾತ್ರಿಕರು ಕಟ್ಟಿದ ಗಂಟೆಗಳು. ಹಾಸನದಲ್ಲಿ ಬಿಟ್ಟುಬಂದ ಹಬ್ಬ ಇಲ್ಲಿ ಮತ್ತೆ ಸಿಕ್ಕಿತು ಎಂದು ಇವರು ಬೆಲ್ಲದ ಚೂರು ಇಟ್ಟು ಕೈಮುಗಿದರು. ಅಲ್ಲಿಂದ ಬಂಡೆಗಳ ನಡುವೆ ಬಗುವಾಬಾಸಾ. ಬ್ರಹ್ಮಕಮಲ ಬೆಳೆಯುವ ಜಾಗ ಅದು. ದೇವಿಯ ಹುಲಿ ಇರುತ್ತಿದ್ದ ಜಾಗ ಎಂದೂ ಹೇಳುತ್ತಾರೆ.

ಬಗುವಾಬಾಸಾದ ರಾತ್ರಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ರಾಣಿಯ ಬಾಣಂತಿಕೋಣೆ ಎನ್ನುವ ಬಲ್ಪಾ ಸುಲೇರಾ ಇರುವುದು ಇದರ ಆಸುಪಾಸಿನಲ್ಲೇ. ಎತ್ತರ 4,000 ಮೀಟರಿಗಿಂತ ಮೇಲೆ. ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಮುಕ್ಕಾಲು ಪಾಲೂ ಇರುವುದಿಲ್ಲ. ನೀರು 86 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ; ಕುಕ್ಕರಿಲ್ಲದೆ ಅನ್ನ ಬೇಯುವುದಿಲ್ಲ. ಬೆರಳಿಗೆ ಯಂತ್ರ ಸಿಕ್ಕಿಸಿದೆ. ನನ್ನದು 82, ಇವರದು 79. ವಾರ್ಡಿನಲ್ಲಿ ಅಷ್ಟು ಕಂಡಿದ್ದರೆ ಡಾಕ್ಟರನ್ನು ಕೂಗಿ ಆಮ್ಲಜನಕದ ಸಿಲಿಂಡರ್ ಎಳೆದು ತರುತ್ತಿದ್ದೆ. ಇಲ್ಲಿ ಅದು ಎಲ್ಲರದೂ ಅಷ್ಟೇ. ಗುಡಾರದ ಒಳಮೈಗೆ ನಮ್ಮ ಉಸಿರೇ ಹಿಮದ ಪುಡಿಯಾಗಿ ಅಂಟಿಕೊಂಡಿತ್ತು. ಸಾಕ್ಸ್ ಎರಡು ಜೊತೆ ಹಾಕಿದ್ದರೂ ಪಾದ ಬೆಚ್ಚಗಾಗಲಿಲ್ಲ. ತಲೆನೋವಿಗೆ ಇವರಿಗೆ ನಿದ್ದೆ ಇಲ್ಲ. ನನಗೆ ನಿದ್ದೆ ಬರದಿದ್ದುದಕ್ಕೆ ಕಾರಣ ಬೇರೆ.

ಹೆರಿಗೆಯಾದ ಕೂಡಲೇ ಆರೋಗ್ಯವಾಗಿರುವ ಹೆಂಗಸಿಗೂ ಮೈ ನಡುಗುತ್ತದೆ. ಬೆಚ್ಚನೆಯ ಕೋಣೆಯಲ್ಲೂ ನಡುಗುತ್ತದೆ, ಕಂಬಳಿ ಹೊದಿಸುತ್ತೇವೆ. ಕೂಸನ್ನು ಒಣಬಟ್ಟೆಯಿಂದ ಒರೆಸಿ ತಕ್ಷಣ ತಾಯಿಯ ಎದೆಗೆ ಹಾಕಬೇಕು. ಒದ್ದೆ ಕೂಸು ನಿಮಿಷಗಳಲ್ಲಿ ತಣ್ಣಗಾಗುತ್ತದೆ. ಮಾಸ ಪೂರ್ತಿ ಬಂತೇ ನೋಡಬೇಕು, ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಯಿತೇ ನೋಡಬೇಕು, ರಕ್ತ ಎಷ್ಟು ಹೋಗುತ್ತಿದೆ ಎಂದು ಕಣ್ಣಿಟ್ಟಿರಬೇಕು. ಇದನ್ನೆಲ್ಲ ಮಾಡುವವರು ಒಬ್ಬರಾದರೂ ಪಕ್ಕದಲ್ಲಿರಬೇಕು. ಆ ಬಂಡೆಗಳ ನಡುವೆ, ಆ ಗಾಳಿಯಲ್ಲಿ, ಉಣ್ಣೆಯ ಶಾಲು ಹೊದ್ದ ಒಬ್ಬ ಹೆಂಗಸು ಹೆತ್ತಳು ಎಂದು ಕಥೆ ಹೇಳುವುದಾದರೆ, ಅವಳ ಕಷ್ಟದ ಬಗ್ಗೆ ಒಂದು ಮಾತಾದರೂ ಬರಬೇಕಿತ್ತು. ಬಂದದ್ದು ಮೈಲಿಗೆಯ ಮಾತು ಒಂದೇ.

ನಮ್ಮಲ್ಲೂ ಪುರುಡು ಎಂದು ಬಾಣಂತಿಯನ್ನು ದೂರ ಇಡುತ್ತಿದ್ದರು. ಕೆಲವು ಹಟ್ಟಿಗಳಲ್ಲಿ ಊರಾಚೆ ಗುಡಿಸಲಲ್ಲಿ ಕೂರಿಸುವುದನ್ನು ನೌಕರಿಯ ಕೊನೆಯ ವರ್ಷಗಳ ತನಕ ಕಂಡಿದ್ದೇನೆ. ಜ್ವರ ಬಂದು, ಕೂಸು ತಣ್ಣಗಾಗಿ ಆಸ್ಪತ್ರೆಗೆ ಹೊತ್ತು ತಂದವರನ್ನು ಈ ಕೈಯಲ್ಲೇ ನೋಡಿಕೊಂಡಿದ್ದೇನೆ. ಹಾಗಾಗಿ ಗಢ್ವಾಲದವರನ್ನು ಬೇರೆಯಾಗಿ ನಿಲ್ಲಿಸಿ ದೂರುವ ಮನಸ್ಸು ನನಗಿಲ್ಲ.

ಮಾರನೆಯ ಬೆಳಗಿನ ಜಾವ, ಕತ್ತಲಿರುವಾಗಲೇ ಹೊರಟೆವು. ಹಿಮ ಗಟ್ಟಿಯಾಗಿರುವಾಗಲೇ ಕಡಿದಾದ ಜಾಗ ದಾಟಿಬಿಡಬೇಕು. ಬಿಸಿಲೇರಿದರೆ ಕಲ್ಲು ಉರುಳುತ್ತದೆ. ರೂಪಕುಂಡ ತಲುಪಿದಾಗ ಬೆಳಕು ಚೆನ್ನಾಗಿ ಬಿದ್ದಿತ್ತು. ಮೂರು ಕಡೆ ಕಡಿದಾದ ಇಳಿಜಾರು, ತಳದಲ್ಲಿ ಹಸಿರು ಮಿಶ್ರಿತ ಕಪ್ಪು ನೀರು. ದಡದ ಕಲ್ಲಿನ ಮೇಲೆ ಯಾರೋ ಒಂದಿಷ್ಟು ಮೂಳೆಗಳನ್ನು ಜೋಡಿಸಿಟ್ಟಿದ್ದರು. ತೊಡೆಯ ಮೂಳೆಗಳು, ಬುರುಡೆಗಳು. ಕಟಿಮೂಳೆಯ ಅರ್ಧಭಾಗ ಒಂದು ಇತ್ತು. ಮುಟ್ಟದೆ ಬಗ್ಗಿ ನೋಡಿದೆ. ಕೂರುವ ಮೂಳೆಯ ಮೇಲಿನ ಕಚ್ಚು ಅಗಲವಾಗಿತ್ತು. ತರಬೇತಿಯಲ್ಲಿ ಕಲಿಸಿದ್ದು ಈಗಲೂ ನೆನಪಿದೆ: ಅಗಲವಾಗಿದ್ದರೆ ಹೆಣ್ಣಿನದ್ದಿರುವ ಸಂಭವ ಹೆಚ್ಚು. ಇವರಿಗೆ ಹೇಳಿದೆ. ಟೋಪಿ ತೆಗೆದು ನಿಂತರು.

ಈ ಮೂಳೆಗಳನ್ನು ಹೊರಜಗತ್ತಿನ ಗಮನಕ್ಕೆ ತಂದವರು ಅರಣ್ಯಾಧಿಕಾರಿ ಹರಿಕಿಶನ್ ಮಧ್ವಾಲ್, 1942ರಲ್ಲಿ. ಎರಡನೆಯ ಮಹಾಯುದ್ಧದ ಕಾಲ. ಹಿಮಾಲಯ ದಾಟಿ ಬರಲು ಹೋಗಿ ಸತ್ತ ಜಪಾನಿ ಸೈನಿಕರಿರಬಹುದೇ ಎಂಬ ಗುಮಾನಿ ಹುಟ್ಟಿತಂತೆ. ಮೂಳೆಗಳು ಹಳೆಯವೆಂದು ಬೇಗ ತಿಳಿಯಿತು. 1841ರಲ್ಲಿ ಟಿಬೆಟ್ಟಿಗೆ ನುಗ್ಗಿ ಸೋತ ಡೋಗ್ರಾ ಸೇನಾಪತಿ ಜೋರಾವರ್ ಸಿಂಗನ ಪಡೆಯವರು ಎಂದರು ಕೆಲವರು. ಹೆಂಗಸರ ಮೂಳೆಗಳೂ ಇದ್ದುದರಿಂದ ಆ ಮಾತು ನಿಲ್ಲಲಿಲ್ಲ. ಕೈಲಾಸ ಮಾನಸಸರೋವರದ ಬಗ್ಗೆ ಬರೆದ ಸ್ವಾಮಿ ಪ್ರಣವಾನಂದರು 1950ರ ದಶಕದಲ್ಲಿ ಮತ್ತೆ ಮತ್ತೆ ಇಲ್ಲಿಗೆ ಹತ್ತಿಬಂದರು. ಕನೌಜದ ರಾಜಪರಿವಾರವೇ ಇದು ಎಂಬ ಕಡೆಗೆ ಅವರು ವಾಲಿದರು. ಚರ್ಮದ ಚಪ್ಪಲಿ, ಗಾಜಿನ ಬಳೆ, ಉಂಗುರ, ಬಿದಿರಿನ ಕೋಲು, ಕಬ್ಬಿಣದ ಭರ್ಚಿಯ ಮೊನೆ ಇಲ್ಲಿ ಸಿಕ್ಕಿವೆ. ಭರ್ಚಿಯ ಮೊನೆ ಬಿಟ್ಟರೆ ಯುದ್ಧಕ್ಕೆ ಹೊರಟವರ ಸರಂಜಾಮು ಇದಲ್ಲ.

ಸುಮಾರು 2003ರ ಹೊತ್ತಿಗೆ ಪುಣೆಯ ಡೆಕ್ಕನ್ ಕಾಲೇಜಿನವರೂ ಸೇರಿದ್ದ ತಂಡ ಇಲ್ಲಿಗೆ ಬಂತು. ಕೆಲವು ಬುರುಡೆಗಳಲ್ಲಿ ಮೇಲಿನಿಂದ ಏನೋ ದುಂಡಗಿನದು ಬಿದ್ದ ಏಟಿನ ಗುರುತು ಕಂಡು, ಒಂಬತ್ತನೆಯ ಶತಮಾನದಲ್ಲಿ ದೊಡ್ಡ ಆಲಿಕಲ್ಲು ಮಳೆಗೆ ಎಲ್ಲರೂ ಒಂದೇ ಸಲ ಸತ್ತರು ಎಂಬ ವಿವರಣೆ ಬಂತು. ಕಥೆಗೂ ವಿಜ್ಞಾನಕ್ಕೂ ತಾಳೆಯಾಯಿತು ಎಂದು ಎಲ್ಲರೂ ಸಂತೋಷಪಟ್ಟರು. ನಾವು ಹೋಗಿಬಂದದ್ದೂ ಆ ನಂಬಿಕೆಯ ಕಾಲದಲ್ಲೇ.

2019ರ ಆಗಸ್ಟಿನಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಎಲ್ಲವನ್ನೂ ಬುಡಮೇಲು ಮಾಡಿತು. ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ ಕುಮಾರಸಾಮಿ ತಂಗರಾಜ್, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ನೀರಜ್ ರಾಯ್ ಮೊದಲಾದವರು ಹೊರದೇಶದ ವಿಜ್ಞಾನಿಗಳ ಜೊತೆ ಸೇರಿ 38 ಜನರ ಮೂಳೆಗಳಿಂದ ಡಿಎನ್‌ಎ ತೆಗೆದು ಓದಿದ್ದರು. 23 ಮಂದಿ ಭಾರತದ ಕಡೆಯ ವಂಶದವರು. ಅವರೂ ಒಂದೇ ಗುಂಪಿನವರಲ್ಲ, ಬೇರೆ ಬೇರೆ ಮೂಲದವರು. ಸತ್ತದ್ದು 7ರಿಂದ 10ನೆಯ ಶತಮಾನದ ನಡುವೆ, ಬಹುಶಃ ಬೇರೆ ಬೇರೆ ಸಲ. 14 ಮಂದಿ ಪೂರ್ವ ಮೆಡಿಟರೇನಿಯನ್ ಕಡೆಯವರು, ಇಂದಿನ ಗ್ರೀಸ್ ಮತ್ತು ಕ್ರೀಟ್‌ನವರಿಗೆ ಹತ್ತಿರದವರು. ಅವರು ಸತ್ತದ್ದು ಸುಮಾರು ಸಾವಿರ ವರ್ಷದ ನಂತರ, ಕ್ರಿ.ಶ. 1800ರ ಆಸುಪಾಸಿನಲ್ಲಿ. ಉಳಿದ ಒಬ್ಬರು ಆಗ್ನೇಯ ಏಷ್ಯಾದ ಮೂಲದವರು, ಅದೇ ಈಚಿನ ಕಾಲದವರು. ಯಾರಿಗೂ ಯಾರೂ ಹತ್ತಿರದ ರಕ್ತಸಂಬಂಧಿಗಳಲ್ಲ. 38ರಲ್ಲಿ 15 ಹೆಂಗಸರು.

ನಾನು ಆ 15ರ ಮೇಲೆ ಬೆರಳಿಟ್ಟು ಕೂತೆ. ವಾಣ್ ದಾಟಬಾರದು ಎಂಬ ಕಟ್ಟಳೆ ಯಾವಾಗಿನದೋ ಇರಲಿ, ಪರೀಕ್ಷೆಗೆ ಸಿಕ್ಕವರಲ್ಲಿ ಐವರಿಗೆ ಇಬ್ಬರಂತೆ ಹೆಂಗಸರು ಅಷ್ಟು ಮೇಲಕ್ಕೆ ತಮ್ಮ ಕಾಲಲ್ಲಿ ನಡೆದು ಬಂದಿದ್ದರು. ಸುತ್ತಲಿನ ಗುಡಿಗಳಲ್ಲಿ 8ರಿಂದ 10ನೆಯ ಶತಮಾನದ ಶಾಸನಗಳಿವೆ, ಹಾಗಾಗಿ ಭಾರತದ ಮೂಲದ ಗುಂಪಿನ ಕೆಲವರಾದರೂ ಯಾತ್ರಿಕರಿರಬಹುದು ಎನ್ನುತ್ತದೆ ಅಧ್ಯಯನ. ಮೆಡಿಟರೇನಿಯನ್ನಿನವರು ಯಾಕೆ ಬಂದರು ಎಂದು ಹೇಳುವ ಒಂದು ಕಾಗದವೂ ಸಿಕ್ಕಿಲ್ಲ. ಎಲ್ಲರನ್ನೂ ಒಂದೇ ಮಳೆ ಕೊಂದಿರಲಾರದು. ಯಾವುದೋ ಒಂದು ವರ್ಷ ಒಂದು ತಂಡ ಆಲಿಕಲ್ಲಿಗೆ ಸಿಕ್ಕಿ ಸತ್ತಿರಬಹುದು, ಆ ನೆನಪು ಹಾಡಿನಲ್ಲಿ ಉಳಿದಿರಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಾವಿರ ವರ್ಷದ ಸಾವುಗಳಿಗೆಲ್ಲ ಒಂದು ಹೆರಿಗೆಯನ್ನು ಕಾರಣ ಮಾಡಲು ಇನ್ನು ಬರುವುದಿಲ್ಲ. ಅಧ್ಯಯನ ಬಂದ ವಾರ ವಾಣಿನ ಹುಡುಗನಿಗೆ ಫೋನು ಮಾಡಿ ಇಷ್ಟನ್ನೂ ಹೇಳಿದೆ. ಗ್ರೀಸ್ ಎಲ್ಲಿದೆ ಎಂದು ಕೇಳಿದ. ಮನೆಯ ಹೆಂಗಸರಿಗೆ ಹೇಳು ಎಂದೆ, ಹೇಳುತ್ತೇನೆ ಎಂದ.

ಆ ಹೊತ್ತಿಗಾಗಲೇ ಅವನಿಗೆ ದಾರಿಯ ಕೆಲಸ ಹೋಗಿತ್ತು. 2018ರ ಆಗಸ್ಟಿನಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತು, ಪ್ರವಾಸಿಗರ ಸಂಖ್ಯೆಯನ್ನು 200ಕ್ಕೆ ಮಿತಿಗೊಳಿಸಿತು. ಅಲಿ, ಬೇದಿನಿ ಹುಲ್ಲುಗಾವಲುಗಳ ರಕ್ಷಣೆಗೆ ಅಲ್ಲಿಯವರೇ ಕಟ್ಟಿಕೊಂಡ ಸಮಿತಿ ಹಾಕಿದ ಅರ್ಜಿ ಅದು. ಕಾರಣ ಕಣ್ಣಿಗೆ ಕಾಣುವಂತಿತ್ತು: ಸಾಲು ಗುಡಾರ, ಹೇಸರಗತ್ತೆಗಳ ಗೊರಸಿಗೆ ಕಿತ್ತುಹೋದ ಹುಲ್ಲು, ಪ್ಲಾಸ್ಟಿಕ್ಕು. ಬೆಂಗಳೂರಿನಿಂದಲೂ ತಂಡ ತಂಡವಾಗಿ ಹೋಗುತ್ತಿದ್ದರು. ಹೋದವರಲ್ಲಿ ನಾವೂ ಇದ್ದೆವು. ಹುಲ್ಲು ಚಿಗುರಲು ಬಿಡಬೇಕು ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ರೂಪಕುಂಡಕ್ಕೆ ನಡುವೆ ತಂಗದೆ ಹೋಗಿಬರಲಾಗದ್ದರಿಂದ ಚಾರಣವೇ ನಿಂತಿತು. ಅಡುಗೆಯವರು, ಹೊರೆಯಾಳುಗಳು, ಹೇಸರಗತ್ತೆ ಸಾಕಿದವರು, ಮನೆಯಲ್ಲಿ ಊಟ ವಸತಿ ಕೊಡುತ್ತಿದ್ದ ಅಜ್ಜಿಯಂಥವರು ಬರಿಗೈಯಾದರು. ಹುಡುಗ ಈಗ ದೇವಾಲ್‌ನಲ್ಲಿ ಜೀಪು ಓಡಿಸುತ್ತಾನೆ.

ಮೂಳೆಗಳಿಗೆ ಕಾವಲು ಮಾತ್ರ ಅಂದೂ ಇರಲಿಲ್ಲ. ಚಾರಣಕ್ಕೆ ಬಂದವರು ಬುರುಡೆ, ಕೈಮೂಳೆಗಳನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಂಡು ಹೋಗಿದ್ದಾರೆ, ಫೋಟೋಗಾಗಿ ಕಿತ್ತು ಜೋಡಿಸಿದ್ದಾರೆ. ಕಲ್ಲುಕುಸಿತದಿಂದ ಮೊದಲೇ ಚೆಲ್ಲಾಪಿಲ್ಲಿಯಾಗಿದ್ದವು. ಈಗ ಪೂರ್ತಿ ಅಸ್ಥಿಪಂಜರ ಒಂದನ್ನೂ ಬಿಡಿಸಿ ಗುರುತಿಸುವಂತಿಲ್ಲ. 38 ಜನರ ಮೂಳೆ ಓದಿದ್ದಕ್ಕೆ ಇಷ್ಟು ತಿಳಿಯಿತು, ನೂರಾರು ಜನ ಇನ್ನೂ ಅಲ್ಲೇ ಇದ್ದಾರೆ. ಜಾತ್ ಇರಲಿ ಇಲ್ಲದಿರಲಿ, ಹಿಮ ಕರಗುವ ಆ ಕೆಲವು ವಾರ ಕೆರೆಯ ಬಳಿ ಕಾವಲಿಗೆ ನಿಲ್ಲಲು ವಾಣಿನ ಹುಡುಗರಿಗೆ ಸಂಬಳ ಕೊಡಲಿ. ವಾಣಿನಲ್ಲಿ ಒಂದು ಫಲಕ ನಿಲ್ಲಿಸಿ, ಸತ್ತವರು ಯಾವ ಯಾವ ಕಾಲದವರು, ಎಲ್ಲಿಯವರು ಎಂದು ಹಿಂದಿಯಲ್ಲೂ ಗಢ್ವಾಲಿಯಲ್ಲೂ ಬರೆಯಲಿ. ಪರೀಕ್ಷೆ ಮಾಡಿದ 38ರಲ್ಲಿ 15 ಹೆಂಗಸರು ಎಂಬ ಸಾಲು ಅದರಲ್ಲಿ ಬಿಟ್ಟುಹೋಗದಿರಲಿ.